ಡಾಗ್‌ವುಡ್ ಎಲೆಯ ಅಂಚು ಸುಡುತ್ತಿದ್ದರೆ ಮೊದಲು ಬುಡ ನೋಡಿ

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಾವು ಕೊಂಡ ಮನೆಯ ಮುಂದೆ ಒಂದು ಡಾಗ್‌ವುಡ್ ಇತ್ತು, ವಸಂತದಲ್ಲಿ ಹೂ ಬಿಡುವ ಸಣ್ಣ ಮರ. ಜುಲೈ ಬಂದರೆ ಎಲೆಯ ಅಂಚು ಕಂದಾಗಿ ಸುರುಟಿಕೊಳ್ಳುತ್ತಿತ್ತು. ಏಪ್ರಿಲ್‌ನಲ್ಲಿ ಹೂವು ಬೆರಳೆಣಿಕೆಯಷ್ಟು.

ದಿನಾ ಸಂಜೆ ಮೇಲೆ ಮೇಲೆ ನೀರು ಹಾಕಿದ್ದು ಉಪಯೋಗಕ್ಕೆ ಬರಲಿಲ್ಲ. ಹುಲ್ಲುಹಾಸಿನ ಗೊಬ್ಬರದಿಂದ ಎಲೆ ಜಾಸ್ತಿ ಆಯಿತು, ಹೂವಲ್ಲ. ಸಾರಜನಕ ಅತಿಯಾದರೆ ಹಾಗೇ ಅಲ್ವಾ. ಶಿಲೀಂಧ್ರದ ಔಷಧಿ ಸುಮ್ನೆ ಖರ್ಚು. ಎಲೆಯಲ್ಲಿ ಚುಕ್ಕೆಯೇ ಇರಲಿಲ್ಲ.

ತೊಂದರೆ ಇದ್ದದ್ದು ಬುಡದಲ್ಲಿ. ಕಾಂಡ ಕಂಬದ ಹಾಗೆ ನೇರವಾಗಿ ಮಣ್ಣಿಗೆ ಇಳಿದಿತ್ತು. ಬೇರು ಹರಡುವ ಕಡೆ ಬುಡ ಅಗಲವಾಗಿ ಕಾಣಲೇಬೇಕು. ಮಾರ್ಚ್‌ನಲ್ಲಿ ಹಳೆಯ ಮಲ್ಚ್ (ಬುಡದ ಮಣ್ಣಿನ ಮೇಲೆ ಹಾಸುವ ಹೊದಿಕೆ) ಪೂರ್ತಿ ಸರಿಸಿದೆ. ಆಮೇಲೆ ಕೈಯಿಂದಲೇ ಮಣ್ಣು ಕೆರೆದೆ. ಸಲಿಕೆ ಬೇಡ, ತೊಗಟೆಗೆ ಗಾಯವಾದರೆ ಕೊರೆಯುವ ಹುಳು ಸೇರುತ್ತದೆ. 4 ಇಂಚು ಕೆಳಗೆ ಅಗಲದ ಬುಡ ಸಿಕ್ಕಿತು. ಕಾಂಡಕ್ಕೆ ಸುತ್ತಿಕೊಂಡಿದ್ದ ತೆಳು ಬೇರುಗಳನ್ನು ಕತ್ತರಿಸಿದೆ. ಕೊಂಬೆ ಹರಡಿದಷ್ಟು ಜಾಗದ ಹುಲ್ಲು ತೆಗೆದು, ಪೈನ್ ತೊಗಟೆ ಚೂರು 3 ಇಂಚು ದಪ್ಪ ಹಾಸಿದೆ, ಕಾಂಡದಿಂದ 4 ಇಂಚು ಬಿಟ್ಟು. ಮಳೆ ಇಲ್ಲದ ವಾರ ಒಂದೇ ಸಲ ನೀರು, ಆದರೆ 6 ಇಂಚು ಆಳ ನೆನೆಯುವ ತನಕ. ಉದ್ದದ ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ ಸಾಕು.

ಆ ಬೇಸಿಗೆಯಲ್ಲೇ ಅಂಚು ಸುಡುವುದು ನಿಂತಿತು. ಹೂವಿಗೆ ಮುಂದಿನ ವಸಂತದ ತನಕ ಕಾಯಬೇಕು. ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕೂರುತ್ತದೆ, ಹಾಗಾಗಿ ಕೊಂಬೆ ಸವರುವುದಿದ್ದರೆ ಹೂ ಉದುರಿದ ಕೂಡಲೇ ಸವರಿ.