ಎರಡು ಗುಂಡು, ಒಂದೇ ಝೀರೋ: ನನ್ನ ಥರ್ಟಿ-ಆಟ್-ಸಿಕ್ಸ್ ಅನುಭವ

ಒಂದೇ ಕೋವಿಯಲ್ಲಿ ಬೇರೆ ಬೇರೆ ತೂಕದ ಎರಡು ಗುಂಡು ಒಂದೇ ಕಡೆ ಬೀಳಲ್ಲ, ಆ ಆಸೆ ಬಿಡು ಅಂತ ನಾವು ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ನನಗೆ ಹೇಳದವರೇ ಇರಲಿಲ್ಲ. ಈಗ ನನ್ನ ಥರ್ಟಿ-ಆಟ್-ಸಿಕ್ಸಿನಲ್ಲಿ, ಅಂದರೆ 30-06 ಅನ್ನುವ ತೋಟಾ ಹೊಡೆಯುವ ಕೋವಿಯಲ್ಲಿ, ಬೀಳುತ್ತಿವೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ವಿರಾಜಪೇಟೆ ಕಡೆಯವನು. ಹದಿನಾಲ್ಕು ವರ್ಷದಿಂದ ಕೊಲೊರಾಡೋದಲ್ಲಿದ್ದೇನೆ. ಕೋವಿ ನನಗೆ ಹೊಸದಲ್ಲ. ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುವ ಮನೆಯ ಜೋಡಿನಳಿಗೆಯಲ್ಲೇ ತೆಂಗಿನಕಾಯಿಗೆ ಹೊಡೆದು ಕಲಿತವನು. ಷಿಕಾರಿ ಮಾತ್ರ ಊರಲ್ಲಿ ಕಥೆಯಾಗಿಯೇ ಕೇಳಿದ್ದು. ಬೇಟೆಗೆ ಕಡಿವಾಣ ಹಾಕಿದ 1972ರ ವನ್ಯಜೀವಿ ಕಾಯ್ದೆ ಬಂದಾಗ ನಾನು ಹುಟ್ಟಿಯೇ ಇರಲಿಲ್ಲ. ಹಾಗಾಗಿ ನಿಜವಾದ ಬೇಟೆ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಲೈಸೆನ್ಸು, ಟ್ಯಾಗು (ಒಂದು ಪ್ರಾಣಿ ಹೊಡೆಯಲು ಕೊಡುವ ಪರವಾನಗಿ ಚೀಟಿ), ಕಿತ್ತಳೆ ಬಣ್ಣದ ಜಾಕೆಟ್ಟು ಎಲ್ಲ ಹಾಕಿಕೊಂಡು. ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ. ಝೀರೋ ಅಂದರೆ ಇಂತಿಷ್ಟು ದೂರದಲ್ಲಿ ಗುಂಡು ಗುರಿಗೇ ಬೀಳುವ ಹಾಗೆ ಸ್ಕೋಪನ್ನು, ಅಂದರೆ ಕೋವಿಯ ಮೇಲಿನ ದೂರದರ್ಶಕವನ್ನು, ಹೊಂದಿಸಿಡುವುದು.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. 2017ರಲ್ಲಿ ಎಲ್ಕ್ ಹೊಡೆಯಬೇಕು ಅಂತ ಹೊರಟಾಗ ಆಫೀಸಿನಲ್ಲಿ ಒಬ್ಬ 300 ವಿನ್ ಮ್ಯಾಗ್ ಅನ್ನುವ ಭಾರೀ ತೋಟಾದ ಕೋವಿ ತಗೋ ಅಂದ. ಎಲ್ಕ್ ಅಂದರೆ ನಮ್ಮ ಕಡವೆಯ ಅಣ್ಣ ಇದ್ದ ಹಾಗೆ, ಗಂಡು ಮುನ್ನೂರು ಕಿಲೋ ಆರಾಮಾಗಿ ತೂಗುತ್ತದೆ, ಸಣ್ಣದರಲ್ಲಿ ಆಗಲ್ಲ ಅಂದ. ನಂಬಿದೆ. ಸ್ಕೋಪ್ ಸೇರಿ 1900 ಡಾಲರ್ ಹೋಯಿತು. ನಾನಿರುವುದು ಐದಡಿ ಐದಿಂಚು. ಮೂರನೇ ಈಡಿಗೇ ಕೋವಿ ಹಿಂದಕ್ಕೆ ಒದ್ದು ಸ್ಕೋಪಿನ ಅಂಚು ಬಡಿದು ಹುಬ್ಬು ಸೀಳಿತು. ಗಾಯ ವಾರದಲ್ಲಿ ಮಾಯಿತು, ಹೆದರಿಕೆ ಮಾಯಲಿಲ್ಲ. ಆ ವರ್ಷ ಬೇಟೆಯ ಮೂರನೇ ಸೀಸನ್ನಿನಲ್ಲಿ 220 ಗಜದಲ್ಲಿ ಅಡ್ಡ ನಿಂತಿದ್ದ ಗಂಡು ಎಲ್ಕಿಗೆ ಹೊಡೆದೆ. ಅದು ಕತ್ತೆತ್ತಿ ನೋಡಿ ನಡೆದುಕೊಂಡು ಹೋಯಿತು. ಎರಡು ಗಂಟೆ ಹುಡುಕಿದೆ. ರಕ್ತ ಇಲ್ಲ, ಕೂದಲಿಲ್ಲ. ಹಿಂದಿನ ಮರದ ಬೊಡ್ಡೆಯಲ್ಲಿ ತೂತು ಸಿಕ್ಕಿತು.

ಹಾಸನದ ಗೆಳೆಯನೊಬ್ಬ ಡೆನ್ವರಿನಲ್ಲಿದ್ದಾನೆ. ಅವನೇ ರೋಗ ಕಂಡುಹಿಡಿದ. ರೇಂಜಿನಲ್ಲಿ ನನಗೆ ಕಾಣದ ಹಾಗೆ ಮದ್ದಿಲ್ಲದ ಡಮ್ಮಿ ತೋಟಾ ಒಂದನ್ನು ನಡುವೆ ತುಂಬಿ ಕೊಟ್ಟ. ಟ್ರಿಗರ್ ಎಳೆದೆ. ಟಿಕ್ ಅಂತ ಶಬ್ದ ಬಂತು, ಕಣ್ಣು ಮುಚ್ಚಿಹೋಯಿತು, ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಸಿಯಿತು. ಗುಂಡೇ ಇಲ್ಲ, ನಾನು ಮಾತ್ರ ಬೆಚ್ಚಿಬಿದ್ದಿದ್ದೆ. "ಮಾರಾಯಾ, ನೀನು ಎಲ್ಕಿಗಲ್ಲ, ನಿನ್ನ ಕೋವಿಗೇ ಹೆದರ್ತಿದ್ದೀಯ" ಅಂದ. ಮುಂದಿನ ವರ್ಷವೂ ಹಟ ಹಿಡಿದು ಅದನ್ನೇ ಹೊತ್ತು ತಿರುಗಿದೆ, ಖಾಲಿ ಕೈಯಲ್ಲಿ ಬಂದೆ. ಕೊನೆಗೆ 1300ಕ್ಕೆ ಮಾರಿದೆ.

ಆಮೇಲೆ ಕೊಂಡದ್ದು ಚಿಕ್ಕ ತೋಟಾದ ಕೋವಿ, 6.5 ಕ್ರೀಡ್‌ಮೋರ್. ಸುಳ್ಳು ಹೇಳಬಾರದು, ಒಳ್ಳೇ ತೋಟಾ ಅದು. ಭುಜಕ್ಕೆ ಮೆತ್ತಗೆ, ಕಾಗದದ ಮೇಲೆ ಚೊಕ್ಕ. ಪಕ್ಕದ ರಾಜ್ಯ ವಯೋಮಿಂಗಿನಲ್ಲಿ ಜಿಂಕೆಯಂಥ ಪ್ರಾಂಗ್‌ಹಾರ್ನ್ ಒಂದೇ ಈಡಿಗೆ ಬಿತ್ತು. ಎಲ್ಕ್‌ಗೆ ಕೊಲೊರಾಡೋದ ನಿಯಮ 85 ಗ್ರೇನ್ ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ ಇದ್ದರೆ ಸಾಕು ಅನ್ನುತ್ತದೆ. ಕ್ರೀಡ್‌ಮೋರ್ ಅದನ್ನು ಸುಲಭವಾಗಿ ದಾಟುತ್ತದೆ. ಆದರೂ ಎಲ್ಕ್ ಎದುರು ನನಗೇ ಧೈರ್ಯ ಬರಲಿಲ್ಲ. ಅದೂ ಹೋಯಿತು, 300 ಡಾಲರ್ ನಷ್ಟಕ್ಕೆ.

2020ರ ಬೇಸಿಗೆಯಲ್ಲಿ ಪಕ್ಕದ ಬೀದಿಯಲ್ಲಿ ಒಂದು ಎಸ್ಟೇಟ್ ಸೇಲ್. ಗಂಡ ತೀರಿಕೊಂಡ ಅಜ್ಜಿ ಗ್ಯಾರೇಜು ಖಾಲಿ ಮಾಡುತ್ತಿದ್ದರು. ಮೂಲೆಯಲ್ಲಿ ವಾಲ್ನಟ್ ಮರದ ಸ್ಟಾಕ್ (ನಳಿಗೆ ಕೂರುವ ಮರದ ಮೈ) ಇದ್ದ, ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವ ಹಳೇ 30-06 ಇತ್ತು. ಪಾಲಿಶ್ ಹೋಗಿತ್ತು, ಬೋಲ್ಟ್ ಮಾತ್ರ ಬೆಣ್ಣೆ. ಕಾಗದಪತ್ರಕ್ಕೆ ಅಂಗಡಿಗೆ ಹೋಗಿಬಂದದ್ದೂ ಸೇರಿ 425 ಡಾಲರ್ ಅಂತ ನೆನಪು. ಜೊತೆಗೆ ಕಾಫಿ ಡಬ್ಬಿಗಳಲ್ಲಿ ಸುಮಾರು 300 ಮತ್ತೆ ಮದ್ದು ತುಂಬಿ ಹೊಡೆಯಬಹುದಾದ ಖಾಲಿ ಹಿತ್ತಾಳೆ ಕೇಸ್ ಸುಮ್ನೆ ಕೊಟ್ಟರು. ಕೊರೋನಾದ ಆ ವರ್ಷ ತೋಟಾ ಅಂಗಡಿಗಳ ಶೆಲ್ಫು ಖಾಲಿ ಇದ್ದವು, ನೆನಪಿದೆ ಅಲ್ವಾ? ಸಾವಿರಕ್ಕೆ 35 ಡಾಲರ್ ಇದ್ದ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ 100 ದಾಟಿತ್ತು. ಆ ಕಾಫಿ ಡಬ್ಬಿಗಳನ್ನು ಬಂಗಾರದ ಹಾಗೆ ಎತ್ತಿಟ್ಟೆ.

ಗೆಳೆಯ ನೋಡಿ ನಕ್ಕ. "ಇದು ತಾತಂದಿರ ತೋಟಾ ಕಣೋ." ಹೌದು, 1906ರದ್ದು. ಅಮೆರಿಕದ ಸೈನ್ಯಕ್ಕೆ ಅಂತ ಹುಟ್ಟಿದ್ದು, ಎರಡು ಮಹಾಯುದ್ಧ ನೋಡಿದ್ದು. ಅಧ್ಯಕ್ಷಗಿರಿ ಬಿಟ್ಟ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೋದಾಗ ಜೊತೆಗಿದ್ದ ಕೋವಿಗಳಲ್ಲಿ ಇದರದ್ದೂ ಒಂದು. ಹೆಸರು ಮಾಡಿದ 270 ತೋಟಾ ಹುಟ್ಟಿದ್ದೂ ಇದೇ ಮನೆತನದ ಕೇಸಿನಿಂದ, 1925ರಲ್ಲಿ. ಹಳೇದು ಅನ್ನುವುದು ನನ್ನ ಕಣ್ಣಿಗೆ ದೋಷವಾಗಿ ಕಾಣಲಿಲ್ಲ. 110 ಗ್ರೇನಿನಿಂದ 220ರ ತನಕ ಏನು ಕೊಟ್ಟರೂ ನುಂಗುತ್ತದೆ. ನನ್ನ ಆಸೆ ಹುಟ್ಟಿದ್ದೇ ಅಲ್ಲಿ.

ಲೆಕ್ಕ ಹೀಗಿತ್ತು. ಹೆದರಿಕೆ ಹೋಗಬೇಕಾದರೆ ವರ್ಷಕ್ಕೆ 200 ಈಡಾದರೂ ಹೊಡೆಯಬೇಕು. ಅದಕ್ಕೆ ಅಗ್ಗದ, ಭುಜಕ್ಕೆ ಹಗುರಾದ 150 ಗ್ರೇನ್. ಬಯಲಿನ ಪ್ರಾಂಗ್‌ಹಾರ್ನ್‌ಗೂ ಅದೇ. ಎಲ್ಕ್‌ಗೆ ಮಾತ್ರ 180, ಅದೂ ವರ್ಷಕ್ಕೆ ಹತ್ತೋ ಹದಿನೈದೋ. ಎರಡೂ ಒಂದೇ ಕಡೆ ಬಿದ್ದರೆ ಸ್ಕೋಪ್ ಮುಟ್ಟುವ ಕೆಲಸವೇ ಇಲ್ಲ. 165 ಗ್ರೇನ್ ಒಂದನ್ನೇ ಇಟ್ಟುಕೋ, ಎಲ್ಲದಕ್ಕೂ ಆಗುತ್ತೆ ಅಂದರು ಹಿರಿಯರು. ಅವರು ಹೇಳಿದ್ದು ತಪ್ಪಲ್ಲ. ಆದರೆ ನನಗೆ ಹಟ ಹತ್ತಿತ್ತು.

ಮೊದಲ ದಿನ 100 ಗಜದಲ್ಲಿ 150 ಗ್ರೇನಿನ ಗುಂಡು 180ರದ್ದಕ್ಕಿಂತ ಮೂರು ಇಂಚು ಮೇಲೆ, ಎರಡು ಇಂಚು ಬಲಕ್ಕೆ ಬಿತ್ತು. ಮೇಲೆ ಕೆಳಗೆ ಆದರೆ ಸರಿ ಮಾಡಬಹುದು. ಪಕ್ಕಕ್ಕೆ ಹೋಗುವುದು ತಲೆನೋವು. ನಾಲ್ಕು ಬೇರೆ ಬೇರೆ ಮದ್ದಿನ ಡಬ್ಬಿ ತಂದೆ. ಒಂದೊಂದು 35-40 ಡಾಲರ್. ಶನಿವಾರ ಬಂದರೆ ರೇಂಜು, ರಾತ್ರಿಯಾದರೆ ತೋಟಾ ತುಂಬುವ ಪ್ರೆಸ್ಸು. ಒಂಬತ್ತು ತಿಂಗಳು ಹೀಗೇ ನಡೆಯಿತು. ಒಂದು ವಾರ ಹತ್ತಿರ ಬರುತ್ತಿತ್ತು, ಮುಂದಿನ ವಾರ ಓಡಿಹೋಗುತ್ತಿತ್ತು. ಮದ್ದನ್ನು ಬೈದೆ, ಸ್ಕೋಪನ್ನು ಬೈದೆ, ಬೇರೆ ಸ್ಕೋಪ್ ತಂದೆ. 350 ಡಾಲರ್. ಏನೂ ಬದಲಾಗಲಿಲ್ಲ. "ಇನ್ನೊಂದು ಕೋವಿ ಅಂತ ಮಾತ್ರ ಹೇಳ್ಬೇಡಿ" ಅಂತ ಹೆಂಡತಿ ಮೊದಲೇ ಹೇಳಿಟ್ಟಿದ್ದಳು.

ದಾರಿ ತೋರಿಸಿದ್ದು ಹಿಮ. 2021ರ ನವೆಂಬರಿನಲ್ಲಿ ಎರಡು ದಿನ ಒದ್ದೆ ಹಿಮದಲ್ಲಿ ಕೋವಿ ಹೊತ್ತು ತಿರುಗಿದ್ದೆ. ಬೇಟೆ ಸಿಗಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಝೀರೋ ನೋಡಿದರೆ ಅದೇ 180 ಗ್ರೇನಿನ ಗುಂಡು ಎರಡೂವರೆ ಇಂಚು ಬಲಕ್ಕೆ. ಸ್ಕೋಪ್ ಗಟ್ಟಿಯಾಗೇ ಇತ್ತು. ಟೈಲ್‌ಗೇಟಿನ ಮೇಲೆ ಕೂತು ಜೇಬಿನಿಂದ ಒಂದು ಡಾಲರ್ ನೋಟು ತೆಗೆದೆ. ಮರ ನಳಿಗೆಗೆ ತಾಗುತ್ತಿದೆಯಾ ಅಂತ ನೋಡಲು ನಳಿಗೆಗೂ ಸ್ಟಾಕಿನ ಮುಂಭಾಗಕ್ಕೂ ನಡುವೆ ಅದನ್ನು ತೂರಿಸಿ ಹಿಂದಕ್ಕೆ ಎಳೆಯುತ್ತಾ ಬಂದೆ. ನಾಲ್ಕು ಇಂಚು ಸಲೀಸಾಗಿ ಬಂತು. ಆಮೇಲೆ ಎಡಗಡೆ ಸಿಕ್ಕಿಕೊಂಡಿತು. ಎಳೆದರೆ ಹರಿಯುತ್ತದೆ, ಬರಲ್ಲ. ಮರ ನೀರು ಕುಡಿದು ಊದಿ ನಳಿಗೆಗೆ ಒತ್ತುಕೊಟ್ಟು ಕೂತಿತ್ತು. ಒಣಗಿದ ದಿನ ಬಿಡುತ್ತಿತ್ತು, ತೇವದ ದಿನ ಹಿಡಿಯುತ್ತಿತ್ತು. ನಾನು ಒಂಬತ್ತು ತಿಂಗಳು ಮದ್ದು ಬದಲಾಯಿಸುತ್ತಿದ್ದೆ!

ಇಷ್ಟು ಸಾಮಾನ್ಯ ವಿಷಯ ಮೊದಲೇ ಯಾಕೆ ನೋಡಲಿಲ್ಲ ಅಂತ ಕೇಳಬೇಡಿ. ಕೊಂಡ ದಿನ ನೋಡಿದ್ದೆ. ಆವತ್ತು ಜುಲೈ, ಬಿಸಿಲು, ನೋಟು ಸರಾಗವಾಗಿ ಬಂದಿತ್ತು.

ಸಾಕೆಟ್‌ಗೆ (ನಟ್ಟು ಬಿಚ್ಚುವ ಸ್ಪ್ಯಾನರಿನ ತುಂಡು) ಮರಳು ಕಾಗದ ಸುತ್ತಿ ಸ್ಟಾಕಿನಲ್ಲಿ ನಳಿಗೆ ಕೂರುವ ಕಾಲುವೆ ಉಜ್ಜಿದೆ. ಮೂರು ಸಂಜೆ ಹಿಡಿಯಿತು. ಉಜ್ಜಿದ ಮರಕ್ಕೆ ಒಳಗಿನಿಂದಲೂ ಪಾಲಿಶ್ ಕುಡಿಸಿದೆ. ಅದನ್ನು ಮರೆತರೆ ಉಜ್ಜಿದ್ದೂ ದಂಡ. ಆಮೇಲೆ ಆಕ್ಷನ್ನಿಗೆ (ಬೋಲ್ಟ್ ಇರುವ ಉಕ್ಕಿನ ಭಾಗ) ಎಪಾಕ್ಸಿ ಬೆಡ್ಡಿಂಗ್, ಅಂದರೆ ಅದು ಮರದಲ್ಲಿ ಅಲುಗದೆ ಕೂರಲು ಹಾಕುವ ಗಟ್ಟಿ ಹಾಸು. 30 ಡಾಲರಿನ ಕಿಟ್. ಅಂಟದಿರಲಿ ಅಂತ ಎಲ್ಲ ಕಡೆ ಶೂ ಪಾಲಿಶ್ ಹಚ್ಚಿದೆ. ಒದೆತ ತಡೆಯುವ ರಿಕಾಯಿಲ್ ಲಗ್ಗಿನ ಹಿಂದೆ ಒಂದು ಬೆರಳಗಲ ಬಿಟ್ಟುಹೋಗಿತ್ತು ಅಂತ ಕಾಣುತ್ತದೆ. ಬೆಳಿಗ್ಗೆ ನೋಡಿದರೆ ಕೋವಿಯೂ ಸ್ಟಾಕೂ ಒಂದೇ ಆಗಿಬಿಟ್ಟಿವೆ. ಸ್ಕ್ರೂ ಬಿಚ್ಚಿದರೂ ಅಲುಗುವುದಿಲ್ಲ. ಗ್ಯಾರೇಜಿನ ದೊಡ್ಡ ಫ್ರೀಜರಿನಲ್ಲಿ ಅಕ್ಕಿ ರೊಟ್ಟಿ ಪ್ಯಾಕೆಟ್ಟುಗಳ ಮೇಲೆ ಓರೆಯಾಗಿ ಮಲಗಿಸಿದೆ. ಮರುದಿನ ರಬ್ಬರ್ ಸುತ್ತಿಗೆಯಲ್ಲಿ ನಳಿಗೆಯ ಕೆಳಗೆ ಎರಡು ತಟ್ಟಿದಾಗ ಟಕ್ ಅಂತ ಬಿಟ್ಟುಕೊಂಡಿತು. ಆವತ್ತು ಬಂದ ಸಮಾಧಾನ ಎಲ್ಕ್ ಬಿದ್ದಾಗಲೂ ಬರಲಿಲ್ಲ. ರೊಟ್ಟಿಯಲ್ಲಿ ಎಪಾಕ್ಸಿ ವಾಸನೆ ಅಂತ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ನನಗಂತೂ ಬರಲಿಲ್ಲ.

ಆಮೇಲೆ ಹೊಡೆದ ಮೊದಲ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ. ಪಕ್ಕದ ವ್ಯತ್ಯಾಸ ಪೂರ್ತಿ ಹೋಗಿತ್ತು. 150 ಮಾತ್ರ ಒಂದೂವರೆ ಇಂಚು ನೇರ ಮೇಲೆ. ಮದ್ದು ಕಡಿಮೆ ಮಾಡಿ ವೇಗ ಇಳಿಸಿದರೆ ಕೆಳಗೆ ಬರಬೇಕು ಅಲ್ವಾ? ಮೊದಲ ಸಲ ಇನ್ನೂ ಮೇಲೆ ಹೋಯಿತು. ನಳಿಗೆ ನಡುಗುವ ರೀತಿಯೇ ಹಾಗೆ, ನಮ್ಮ ಲೆಕ್ಕ ಕೇಳಲ್ಲ. ಇನ್ನೊಂದು ಮೆಟ್ಟಿಲು ಇಳಿದಾಗ ದಡಕ್ಕನೆ ಕೂಡಿಕೊಂಡವು. ತೋಟಾ ತುಂಬುವ ಪುಸ್ತಕದಲ್ಲಿ ಹೇಳಿದ ಕನಿಷ್ಠ ಮದ್ದಿಗಿಂತ ಕೆಳಗೆ ಮಾತ್ರ ಹೋಗಲಿಲ್ಲ. ಈಗ ವೇಗ ಅಳೆಯುವ ನನ್ನ ಕ್ರೋನೋಗ್ರಾಫಿನಲ್ಲಿ 150 ಸೆಕೆಂಡಿಗೆ ಸುಮಾರು 2750 ಅಡಿ, 180 ಸುಮಾರು 2650. ತಮಾಷೆ ನೋಡಿ, 1906ರಲ್ಲಿ ಸೈನ್ಯದವರು ಇಟ್ಟದ್ದೂ 150 ಗ್ರೇನ್, 2700 ಅಡಿ. ಇಷ್ಟೆಲ್ಲ ಖರ್ಚು ಮಾಡಿ ಸುತ್ತಿ ಬಂದು ಅವರ ಅಂಗಳದಲ್ಲೇ ನಿಂತಿದ್ದೇನೆ.

100 ಗಜದಲ್ಲಿ ಎರಡೂ ಎರಡು ಇಂಚು ಮೇಲೆ, ಒಂದಕ್ಕೊಂದು ಅರ್ಧ ಇಂಚಿನ ಒಳಗೆ. 200ರಲ್ಲಿ ಎರಡೂ ಗುರಿಗೆ. 300ರಲ್ಲಿ ಎಂಟು ಒಂಬತ್ತು ಇಂಚು ಕೆಳಗೆ, ನಡುವೆ ವ್ಯತ್ಯಾಸ ಒಂದು ಇಂಚೂ ಇಲ್ಲ. ಅದರಾಚೆ ನಾನು ಪ್ರಾಣಿಗೆ ಹೊಡೆಯಲ್ಲ. ಯಾವ ಮದ್ದು, ಗುಂಡು ಎಷ್ಟು ಆಳ ಕೂರಿಸಿದ್ದು, ಇವೆರಡು ನನ್ನ ನೋಟ್‌ಬುಕ್ಕಿನಲ್ಲೇ ಇರಲಿ. ಜಿಪುಣ ಅಂದರೂ ಪರವಾಗಿಲ್ಲ. ನನ್ನ ಕೋವಿಯ ಲೆಕ್ಕ ನಿಮ್ಮದಕ್ಕೆ ಅಪಾಯವೂ ಆಗಬಹುದು.

ನಡುವೆ ಒಂದು ಹುಚ್ಚಾಟ. ಹಾಲಿನ ಖಾಲಿ ಜಗ್ಗುಗಳಿಗೆ ನೀರು ತುಂಬಿ ಸಾಲಾಗಿ ಇಟ್ಟು 50 ಗಜದಿಂದ ಹೊಡೆದೆ. ಸೀಸದ ಸಾದಾ 150 ಮೂರನೇ ಜಗ್ಗಿನಲ್ಲಿ ಚೂರುಚೂರಾಗಿ ಸಿಕ್ಕಿತು. ತಾಮ್ರದ 180 ಐದು ಜಗ್ಗು ದಾಟಿ ಆರನೆಯದರಲ್ಲಿತ್ತು, ನಾಲ್ಕು ಎಸಳು ಅರಳಿದ ಹೂವಿನ ಹಾಗೆ. ಮಗಳು ಅದನ್ನು ಕೀ ಚೈನ್ ಮಾಡಿಕೊಂಡಿದ್ದಾಳೆ. ಇನ್ನೊಂದು ಸಲ ಗೆಳೆಯ ಇದೇ ತೋಟಾ ಹೊಡೆಯುವ ಸೈನ್ಯದ ಹಳೇ ಕೋವಿ ಎಂ-1 ಗರಾಂಡ್ ತಂದು ನಿನ್ನ ತೋಟಾ ಕೊಡು ಅಂದ. ಕೊಡಲಿಲ್ಲ. ನಿಧಾನ ಉರಿಯುವ ಮದ್ದು, ಭಾರದ ಗುಂಡು ಹಾಕಿದರೆ ಅದರ ಬೋಲ್ಟ್ ಓಡಿಸುವ ಆಪರೇಟಿಂಗ್ ರಾಡ್ ಬಗ್ಗಬಹುದು. ಒಂದು ವಾರ ಮಾತು ಬಿಟ್ಟ.

2022ರ ಅಕ್ಟೋಬರ್ ಮೊದಲ ವಾರ, ವಯೋಮಿಂಗಿನ ರಾಲಿನ್ಸ್ ಪಕ್ಕದ ಬಯಲು. 240 ಗಜ, 150 ಗ್ರೇನಿನ ಗುಂಡು, ಪ್ರಾಂಗ್‌ಹಾರ್ನ್ ನಿಂತಲ್ಲೇ ಕುಸಿಯಿತು. ಸ್ಕೋಪ್ ಮುಟ್ಟಲಿಲ್ಲ. ಮ್ಯಾಗಜೀನಿಗೆ 180 ತುಂಬಿಕೊಂಡು ಮೂರು ವಾರ ಬಿಟ್ಟು ಕೊಲೊರಾಡೋದ ಮೀಕರ್ ಊರಿನ ಮೇಲಿನ ಕಾಡಿಗೆ ಹೋದೆ. ಮೂರನೇ ಬೆಳಿಗ್ಗೆ ಆಸ್ಪೆನ್ ಮರಗಳ ಸಂದಿಯಲ್ಲಿ ಒಂದು ಗಂಡು ಎಲ್ಕ್. ಬೈನಾಕ್ಯುಲರಿನಲ್ಲಿ ಕೊಂಬಿನ ಕವಲು ಎಣಿಸಿದೆ. ನಿಯಮದ ಪ್ರಕಾರ ನಾಲ್ಕು ಇರಬೇಕು, ಐದಿತ್ತು. 190 ಗಜ. ಟ್ರಿಗರ್ ಎಳೆದಾಗ ಕಣ್ಣು ತೆರೆದೇ ಇತ್ತು. ಅದು ನನಗೆ ಹೇಗೆ ಗೊತ್ತು ಅಂದರೆ, ಗುಂಡು ತಾಗಿದಾಗ ಮೈಮೇಲಿನ ಹಿಮ ಹಾರಿದ್ದನ್ನು ನೋಡಿದೆ. ನಲವತ್ತು ಹೆಜ್ಜೆ ಹೋಗಿ ಬಿದ್ದಿತು.

ಮಾಂಸ ಹೊತ್ತು ತರಲು ನಾಲ್ಕು ಸಲ ಹತ್ತಿ ಇಳಿದೆ. ಮೂಳೆ ಬಿಟ್ಟು 190 ಪೌಂಡ್ ಇದ್ದಿರಬೇಕು. ಊರಿನಿಂದ ತಂದ ಕಾಚಂಪುಳಿ ಹಾಕಿ ಪಂದಿ ಕರಿ ಮಾಡಿದ ಹಾಗೇ ಮಾಡಿದೆವು. ಕೊಬ್ಬಿಲ್ಲದ ಮಾಂಸ, ಸ್ವಲ್ಪ ಎಣ್ಣೆ ಜಾಸ್ತಿ ಬೇಕು. ಹಾಸನದವನು ಎರಡು ಸಲ ಬಡಿಸಿಕೊಂಡ. ತಾತಂದಿರ ತೋಟಾ ಅಂದದ್ದು ನೆನಪಿಸಿದೆ, ಕೇಳಿಸದವನ ಹಾಗೆ ರೊಟ್ಟಿ ಮುರಿದ.

ಎಲ್ಲ ಸೇರಿ ಎಷ್ಟಾಯಿತು? ಎರಡು ಕೋವಿಯ ನಷ್ಟ 900. ಈ ಕೋವಿ, ಸ್ಕೋಪ್ 775. ಪ್ರೆಸ್ಸು, ಡೈ, ಕ್ರೋನೋಗ್ರಾಫ್ 500 ಆಸುಪಾಸು. ಮದ್ದು, ಗುಂಡು, ಪ್ರೈಮರ್ ಬರೆದಿಟ್ಟಿಲ್ಲ, ಬರೆದಿಡುವುದೂ ಬೇಡ. ರೇಂಜಿನಲ್ಲಿ ಆಗಲ್ಲ ಅಂದಿದ್ದ ಹಿರಿಯರೊಬ್ಬರು ಎರಡು ಗುಂಡಿನ ಕಾಗದವನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಮದ್ದು ಯಾವುದು ಅಂತ ಕೇಳಿದರು. ಕಾಫಿ ಕುಡಿಯೋಣ ಬನ್ನಿ ಅಂದೆ.

ಈ ವರ್ಷ ಮಗಳಿಗೂ ಟ್ಯಾಗ್ ಸಿಕ್ಕಿದೆ. 150 ಗ್ರೇನಿನ ಗುಂಡಿನಲ್ಲಿ ಅಭ್ಯಾಸ ನಡೆದಿದೆ. ಹೊಡೆಯುವ ಮುಂಚೆ ಡಾಲರ್ ನೋಟು ತೂರಿಸಿ ನೋಡುವುದು ಅವಳ ಕೆಲಸ. ನೋಟು ವಾಪಸ್ ಮಾತ್ರ ಕೊಡುವುದಿಲ್ಲ.