ಊರಿನವರ ಸೊಂಟದ ಅಳತೆ ಗೊತ್ತು, ನನ್ನ ಕಿವಿಯ ಅಳತೆ ಗೊತ್ತಿರಲಿಲ್ಲ

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ಮೊದಲು ಕೌಲ್ ಬಜಾರ್ ಕಡೆ ಒಂದು ಯೂನಿಟ್ಟಿಗೆ ಹೋಗುತ್ತಿದ್ದೆ, ಈಗ ಮನೆಯಲ್ಲೇ ಎರಡು ಮಿಷಿನ್ ಹಾಕಿಕೊಂಡು ಪೀಸ್ ಲೆಕ್ಕದ ಕೆಲಸ. ದಿನಕ್ಕೆ ಎಂಟೊಂಬತ್ತು ತಾಸು ತಲೆ ತಗ್ಗಿಸಿ ಕೂರಬೇಕು. ಕಿವಿಯಲ್ಲಿ ಹಳೇ ಹಾಡೋ ಪ್ರವಚನವೋ ಏನಾದರೂ ಓಡುತ್ತಿದ್ದರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಈ ಇಯರ್‌ಫೋನ್ ಅನ್ನುವುದು ನನ್ನ ಕಿವಿಯಲ್ಲಿ ಐದು ನಿಮಿಷ ನಿಲ್ಲುತ್ತಿರಲಿಲ್ಲ. ಸೂಜಿ ನೋಡಲು ಬಗ್ಗಿದರೆ ಬೀಳುತ್ತಿತ್ತು, ಯಾರಾದರೂ ಕರೆದರು ಅಂತ ತಿರುಗಿದರೆ ಬೀಳುತ್ತಿತ್ತು.

ಒಂದು ದಿನ ಸೈಡ್ ಹೊಲಿಗೆ ಹಾಕುತ್ತಿದ್ದೆ. ಎಡಗಿವಿಯದು ಜಾರಿತು. ಕೈ ಬಿಟ್ಟು ಹಿಡಿಯೋಣ ಅನ್ನುವಷ್ಟರಲ್ಲಿ ವೈರು ಮಿಷಿನ್ನಿನ ಪಾದದ ಕೆಳಗೆ ಹೋಗಿ, ನಾಲ್ಕು ಹೊಲಿಗೆ ಬಟ್ಟೆ ಜೊತೆ ಅದನ್ನೂ ಹೊಲಿದೇ ಬಿಟ್ಟೆ. 18 ನಂಬರಿನ ಸೂಜಿ ಟಪ್ ಅಂತ ಮುರಿಯಿತು. ಪುಣ್ಯಕ್ಕೆ ಕಣ್ಣಿಗೆ ಸಿಡಿಯಲಿಲ್ಲ.

ಅಲ್ಲಿವರೆಗೂ ನಾನು ಬೈಯುತ್ತಿದ್ದುದು ಇಯರ್‌ಫೋನನ್ನೇ. ಅಷ್ಟರಲ್ಲಿ ಮೂರು ಬದಲಾಯಿಸಿದ್ದೆ. ಅವತ್ತು ಹೊಸದು ತಂದು ಪ್ಯಾಕೆಟ್ ಒಡೆದಾಗ ಒಳಗಿನ ಸಣ್ಣ ಕವರು ಕೆಳಗೆ ಬಿತ್ತು. ಪ್ರತಿ ಸಲ ಎಸೆಯುತ್ತಿದ್ದೆ ಅದನ್ನು. ಬಿಚ್ಚಿ ನೋಡಿದರೆ ಇಯರ್‌ಫೋನಿನ ಮೂತಿಗೆ ಹಾಕುವ ಎರಡು ಜೊತೆ ರಬ್ಬರ್ ಟೋಪಿ, ಒಂದು ಸಣ್ಣದು, ಒಂದು ದೊಡ್ಡದು. ಮೊದಲೇ ಹಾಕಿ ಕಳಿಸುವುದು ಮೀಡಿಯಮ್. ನಗು ಬಂತು. 28 ಸೊಂಟದವನಿಗೆ 32ರ ಪ್ಯಾಂಟ್ ಕೊಟ್ಟು, ಪ್ಯಾಂಟೇ ಸರಿಯಿಲ್ಲ ಅಂದ ಹಾಗಾಯಿತು ನನ್ನ ಕಥೆ.

ಎಲ್ಲ ಹಾಕಿ ನೋಡಿದೆ. ಎಡಗಿವಿಗೆ ದೊಡ್ಡದು ಬೇಕಿತ್ತು, ಬಲಗಿವಿಗೆ ಮೀಡಿಯಮ್ಮೇ ಸರಿ. ಎರಡು ಕಿವಿ ಒಂದೇ ಅಳತೆ ಇರಬೇಕು ಅಂತ ಯಾರು ಹೇಳಿದ್ದಾರೆ, ಎರಡು ಪಾದವೇ ಒಂದೇ ಇರುವುದಿಲ್ಲ. ಅಳತೆ ಸರಿಯಾಯಿತಾ ಅಂತ ನೋಡಲು ತಬಲಾ ಇರುವ ಹಾಡು ಹಾಕಿ. ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ತಬಲಾ ಜೋರಾಗಿ, ಬಿಟ್ಟಾಗ ತೆಳ್ಳಗಾದರೆ ಎಲ್ಲೋ ಸಂದಿ ಉಳಿದಿದೆ ಅಂತ ಅರ್ಥ. ಇನ್ನೊಂದು ಪರೀಕ್ಷೆ ನಮ್ಮೂರಿನದು: ಹಾಕಿಕೊಂಡು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಿ. ದವಡೆ ಆಡಿದಾಗ ಕಿವಿಯೊಳಗಿನ ದಾರಿಯ ಆಕಾರವೇ ಸ್ವಲ್ಪ ಬದಲಾಗುತ್ತದೆ, ಅದಕ್ಕೇ ಮಾತಾಡುವಾಗ, ತಿನ್ನುವಾಗ ಜಾಸ್ತಿ ಬೀಳುವುದು. ಒಂದು ಪ್ಲೇಟ್ ಮುಗಿಯುವವರೆಗೆ ನಿಂತರೆ ದಿನಪೂರ್ತಿ ನಿಲ್ಲುತ್ತದೆ.

ಹಾಕುವುದರಲ್ಲೂ ತಪ್ಪು ಮಾಡುತ್ತಿದ್ದೆ. ಸುಮ್ನೆ ಒಳಗೆ ದಬ್ಬುತ್ತಿದ್ದೆ. ಕಿವಿಯ ದಾರಿ ನೇರ ಇಲ್ಲ, ಸೊಟ್ಟ ಇದೆ. ಈಗ ಎಡಗಿವಿಗೆ ಹಾಕುವಾಗ ಬಲಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿಯುತ್ತೇನೆ. ದಾರಿ ನೆಟ್ಟಗಾಗುತ್ತದೆ, ಇಯರ್‌ಫೋನ್ ತಾನಾಗಿ ಕೂರುತ್ತದೆ, ಆಮೇಲೆ ಕಿವಿ ಬಿಟ್ಟರೆ ಅದೇ ಹಿಡಿದುಕೊಳ್ಳುತ್ತದೆ. ನೋಡಿದವರಿಗೆ ಯೋಗ ಮಾಡಿದ ಹಾಗೆ ಕಾಣುತ್ತದೆ, ಕಾಣಲಿ ಬಿಡಿ.

ಅಳತೆ ಸರಿಯಾದ ಮೇಲೂ ಅರ್ಧ ಸಮಸ್ಯೆ ಹಾಗೇ ಇತ್ತು. ವೈರಿನ ಎಳೆತ. ಎದೆ ಮೇಲೆ ತೂಗಾಡುವ ವೈರು ಕತ್ತು ಬಗ್ಗಿಸಿದಾಗಲೆಲ್ಲ ಎಳೆಯುತ್ತದೆ, ಓಲೆಗೆ ಸಿಕ್ಕಿಕೊಳ್ಳುತ್ತದೆ, ಬಟ್ಟೆಗೆ ಉಜ್ಜಿ ಕಿವಿಯೊಳಗೆ ಬರ್ ಬರ್ ಅನ್ನುತ್ತದೆ. ಹಾಗಾಗಿ ಇಯರ್‌ಫೋನನ್ನು ತಲೆಕೆಳಗು ಮಾಡಿ ವೈರನ್ನು ಕಿವಿ ಮೇಲಿನಿಂದ ಹಿಂದಕ್ಕೆ ಸುತ್ತಿಸಿ ಬೆನ್ನಿಗೆ ಬಿಟ್ಟೆ. ನನ್ನದರ ಮೂತಿ ಓರೆ ಇದೆ, ಅದಕ್ಕೆ ತಲೆಕೆಳಗು ಮಾಡಿದಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕಾಯಿತು. ಪ್ರವಚನಕ್ಕೆ ಎಡ ಬಲ ಏನು ಲೆಕ್ಕ?

ಬೆನ್ನ ಹಿಂದೆ ಹಿಡಿದಿಡಲು ಜೀನ್ಸಿನ ಲೂಪನ್ನೇ ಬಳಸಿದೆ. ಬೆಲ್ಟ್ ಹಾಕುವ ಲೂಪ್ ಇರುತ್ತದಲ್ಲ, ಅದರದ್ದು ಬೆರಳುದ್ದದ ತುಂಡು ಮಿಷಿನ್ ಪಕ್ಕ ಯಾವಾಗಲೂ ಬಿದ್ದಿರುತ್ತದೆ. ಒಂದು ತುದಿಗೆ ಟಿಚ್ ಬಟನ್ನು, ಹಿಂದೆ ಒಂದು ಪಿನ್ನು. ಕುರ್ತಾದ ಕತ್ತಿನ ಪಟ್ಟಿಗೆ ಚುಚ್ಚಿ, ವೈರನ್ನು ಒಳಗೆ ಹಾಕಿ ಬಟನ್ ಒತ್ತಿದರೆ ಆಯಿತು. ಲೂಪಿಗೂ ಕಿವಿಗೂ ನಡುವೆ ನಾಲ್ಕು ಬೆರಳು ವೈರು ಸಡಿಲ ಇರಲೇಬೇಕು, ಇಲ್ಲದಿದ್ದರೆ ಬಗ್ಗಿದಾಗ ಲೂಪೇ ಎಳೆಯುತ್ತದೆ. ಮೊದಲನೇ ದಿನ ಬಿಗಿಯಾಗಿ ಹಾಕಿ ಎರಡೂ ಒಟ್ಟಿಗೆ ಕಿತ್ತುಕೊಂಡು ಬಂದವು. ಈಗ ಓಣಿಯ ನಾಲ್ಕೈದು ಜನಕ್ಕೆ ಇದನ್ನೇ ಹೊಲಿದು ಕೊಟ್ಟಿದ್ದೇನೆ.

ಬೇಸಿಗೆಯದು ಬೇರೆಯೇ ಗೋಳು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಬೆವರಿಗೆ ರಬ್ಬರ್ ಜಾರುತ್ತದೆ. ಫೋಮ್ ಟೋಪಿ ತರಿಸಿದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಬ್ಬಿ ಕೂರುತ್ತದೆ. ಹಿಡಿತ ಚೆನ್ನಾಗಿದೆ, ನೋವೂ ಇಲ್ಲ. ಆದರೆ ಬೆವರು ಹೀರುತ್ತದೆ, ಜೀನ್ಸಿನ ನೀಲಿ ಧೂಳು ಅಂಟುತ್ತದೆ, ನನ್ನದು ಎರಡು ತಿಂಗಳಿಗೇ ಹರಿಯಿತು. ಮತ್ತೆ ರಬ್ಬರಿಗೇ ಬಂದೆ. ಮಧ್ಯೆ ಮಧ್ಯೆ ತೆಗೆದು ಕಿವಿ, ಟೋಪಿ ಎರಡನ್ನೂ ಒರೆಸಿಕೊಳ್ಳುತ್ತೇನೆ, ಅಷ್ಟೇ. ರಾತ್ರಿ ಟೋಪಿ ಮಾತ್ರ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒಣಗಲು ಇಡುತ್ತೇನೆ. ಇಯರ್‌ಫೋನಿನ ಮೂತಿಯ ಜಾಲರಿಯನ್ನು ನೆಲಕ್ಕೆ ಮುಖ ಮಾಡಿ ಹಿಡಿದು ಒಣ ಬ್ರಷ್‌ನಲ್ಲಿ ಉಜ್ಜಿದರೆ ಕಿವಿಯ ಗುಗ್ಗೆ, ಧೂಳು ಉದುರುತ್ತದೆ. ಒಂದು ಕಡೆ ಶಬ್ದ ಕಡಿಮೆ ಆಯಿತು ಅಂತ ನಾನು ಹಿಂದೆ ಬಿಸಾಕಿದ್ದ ಇಯರ್‌ಫೋನ್‌ಗಳು ಬಹುಶಃ ಚೆನ್ನಾಗೇ ಇದ್ದವು.

ತೊಳೆದು ಹಾಕುವಾಗ ಟೋಪಿ ಇಯರ್‌ಫೋನಿನ ಮೂತಿಗೆ ಪೂರ್ತಿ ಕೂತಿದೆಯಾ ಅಂತ ಎಳೆದು ನೋಡಿ. ನಾನು ನೋಡಿರಲಿಲ್ಲ. ಇಯರ್‌ಫೋನ್ ಹೊರಗೆ ಬಂತು, ಟೋಪಿ ಕಿವಿಯಲ್ಲೇ ಉಳಿಯಿತು. ಬೆರಳು ಹಾಕಿದೆ, ಇನ್ನೂ ಒಳಗೆ ಹೋಯಿತು. ಹೇರ್‌ಪಿನ್ ತಂದ ಮಗಳನ್ನು ಅತ್ತೆ ತಡೆದರು. ಬೆಳಿಗ್ಗೆ ಕಿವಿ ಡಾಕ್ಟರು ಸಣ್ಣ ಚಿಮಟದಲ್ಲಿ ಒಂದೇ ನಿಮಿಷಕ್ಕೆ ತೆಗೆದರು. ಪಿನ್ ಹಾಕಿದ್ದರೆ ಕಿವಿಯ ಪರದೆಗೇ ತಾಗುತ್ತಿತ್ತಮ್ಮ ಅಂದರು.

ಅಳತೆ ಸರಿ ಆದ ಮೇಲೆ ವಾಲ್ಯೂಮ್ ತಾನಾಗಿ ಇಳಿಯಿತು. ಮುಂಚೆ ಮಿಷಿನ್ ಸದ್ದು ಮುಚ್ಚಲು ಫುಲ್ ಇಡುತ್ತಿದ್ದೆ, ಈಗ ಅರ್ಧ ಸಾಕು. ವಿಶ್ವ ಆರೋಗ್ಯ ಸಂಸ್ಥೆ 80 ಡೆಸಿಬಲ್ ಸದ್ದಾದರೆ ವಾರಕ್ಕೆ 40 ತಾಸಿನವರೆಗೆ ಕೇಳಬಹುದು ಅನ್ನುತ್ತದೆ, ನಾನು ಕೂರುವುದೇ ಐವತ್ತು ತಾಸು. ಅದಕ್ಕೆ ಊಟ ಆದ ಮೇಲೆ ಎರಡು ತಾಸು ಕಿವಿಗೆ ರಜೆ.

ವೈರಿಲ್ಲದ್ದು ತಗೊಳ್ಳಬಹುದಲ್ಲ ಅಂತೀರಾ? ಮಗ ಕೊಡಿಸಿದ್ದ. ಎಡಗಿವಿಯದು ಯಾವುದೋ ಪ್ಯಾಂಟಿನ ಜೇಬಿಗೆ ಬಿದ್ದು ಲಾಟ್ ಜೊತೆ ವಾಷಿಂಗ್‌ಗೆ ಹೋಯಿತು. ಬಲಗಿವಿಯದನ್ನು ಹಾಕಿಕೊಂಡು ಈಗ ರೊಟ್ಟಿ ಬಡಿಯುತ್ತೇನೆ. ಬೀಳುವುದಿಲ್ಲ, ಬಲಗಿವಿಗೆ ಮೀಡಿಯಮ್ಮೇ ಸರಿ ಅಲ್ವಾ.