ಅಡಿಕೆ ಸೀಮೆಯಲ್ಲಿ ದ್ರಾಕ್ಷಿಯ ಸಾಮ್ಯ: ನನ್ನ ಅನುಭವ

ಯೇಸುವಿನ ಸಾಮ್ಯಗಳನ್ನು, ಅಂದರೆ ದೃಷ್ಟಾಂತ ಕಥೆಗಳನ್ನು, ಮಲೆನಾಡಿನ ತೋಟ, ಗದ್ದೆಗೆ ತಂದು ಪ್ರಸಂಗ ಮಾಡುತ್ತೇನೆ ಎಂದಾಗ ಹಿರಿಯ ಪಾಸ್ಟರುಗಳು ‘ದೇವರ ವಾಕ್ಯಕ್ಕೆ ಅಡಿಕೆ ಬೆರೆಸಬೇಡಿ’ ಅಂದರು. ಮೂರು ಮಳೆಗಾಲ ಕಳೆಯಿತು. ಈಗ ಭಾನುವಾರ ಕೇಳಿದ್ದನ್ನು ಬುಧವಾರದ ಮನೆಪ್ರಾರ್ಥನೆಯಲ್ಲಿ ಹತ್ತರಲ್ಲಿ ಆರೇಳು ಜನ ತಾವಾಗಿಯೇ ತಿರುಗಿ ಹೇಳುತ್ತಾರೆ. ಮೊದಲು ಒಬ್ಬಿಬ್ಬರು ಹೇಳಿದರೆ ಹೆಚ್ಚು.

ಮೊದಲು ಕೆಟ್ಟಿದ್ದು ದ್ರಾಕ್ಷಿ ಬಳ್ಳಿಯ ಸಾಮ್ಯ, ಬೈಬಲಿನ ಯೋಹಾನ 15ನೇ ಅಧ್ಯಾಯ. ದ್ರಾಕ್ಷಿಯ ಬದಲು ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು ಹಿಡಿದೆ. ಕೇಳಿದವರೆಲ್ಲ ‘ಯೇಸು ಮರ, ನಾವು ಬಳ್ಳಿ’ ಎಂದುಕೊಂಡು ಎದ್ದರು. ವಾಕ್ಯದಲ್ಲಿ ಬಳ್ಳಿ ಆತನೇ, ನಾವು ಕೊಂಬೆಗಳು. ಮೆಣಸಿಗೆ ಅಡಿಕೆ ಮರ ಬರೀ ಆಸರೆ, ಅದರ ರಸ ಬಳ್ಳಿಗೆ ಹೋಗುವುದಿಲ್ಲ. ‘ನನ್ನಲ್ಲಿ ನೆಲೆಗೊಂಡಿರಿ’ ಎಂಬ ಮಾತಿನ ಜೀವವೇ ಹೋಯಿತು. ಈಗ ಮರದ ಸುದ್ದಿ ಎತ್ತುವುದಿಲ್ಲ. ಕರೆ (ಮೆಣಸಿನ ಗೊಂಚಲು) ಬಿಡುವ ಪಕ್ಕದ ಕವಲನ್ನಷ್ಟೇ ತೋರಿಸುತ್ತೇನೆ: ಅದೇ ಬೆಳಿಗ್ಗೆ ಕೊಯ್ದದ್ದೊಂದು, ಬಾಡಿದ್ದೊಂದು. ಬಾಡಬೇಕಾದದ್ದನ್ನು ಶನಿವಾರ ಕೊಯ್ದರೆ ಜುಲೈ ಥಂಡಿಗೆ ಬಾಡುವುದೇ ಇಲ್ಲ. ಬುಧವಾರ ಕೊಯ್ದು ಒಲೆಯ ಮೇಲಿನ ಅಟ್ಟದಲ್ಲಿಡಬೇಕು.

ಬಿತ್ತುವವನ ಸಾಮ್ಯದಲ್ಲಿ ಎಡವಿದ್ದು ಲೆಕ್ಕದಲ್ಲಿ. ಇಲ್ಲಿ ಸಸಿ ನೆಡುವ ನೆಟ್ಟಿ ಗದ್ದೆ. ಎಕರೆಗೆ 25 ಕೆಜಿ ಬೀಜ ಹಾಕಿ 20 ಕ್ವಿಂಟಾಲ್ ಭತ್ತ ಕಂಡವನಿಗೆ ಎಂಬತ್ತರಷ್ಟು ಆಗಲೇ ಕೈಗೆ ಬಂದಿದೆ. ಅವನ ಮುಂದೆ ‘ಒಳ್ಳೆಯ ನೆಲಕ್ಕೆ ಬಿದ್ದ ಬೀಜ ನೂರರಷ್ಟು ಫಲ ಕೊಟ್ಟಿತು’ ಅಂದರೆ ಹುಬ್ಬು ಏರುವುದಿಲ್ಲ. ಯೇಸುವಿನ ನಾಡು ಮಳೆ ನಂಬಿ ಕೈಯಲ್ಲಿ ಎರಚುವ ಗೋಧಿ, ಜವೆಗೋಧಿಯ ಸೀಮೆ, ಅಲ್ಲಿ ಹತ್ತರಷ್ಟು ಬಂದರೂ ಒಳ್ಳೆಯ ಬೆಳೆ ಎಂದು ಮೊದಲೇ ಹೇಳಬೇಕು. ‘ದಾರಿಗೆ ಬೀಜ ಚೆಲ್ಲುವವ ಎಂಥ ರೈತ ಮಾರಾಯ್ರೆ?’ ಎಂದು ಯಾರಾದರೂ ಕೇಳಿದರೆ ತಕ್ಷಣ ಉತ್ತರಿಸಬೇಡಿ. ಆ ಪ್ರಶ್ನೆ ಹೊತ್ತುಕೊಂಡೇ ಮನೆಗೆ ಹೋಗಲಿ.

ಮತ್ತಾಯ 20ರ ಕೂಲಿಯಾಳುಗಳನ್ನು ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂರಿಸಬೇಡಿ. ಸುಲಿದಷ್ಟಕ್ಕೆ ಕೂಲಿ ಎಣಿಸುವ ಕಡೆ ತಡವಾಗಿ ಬಂದವನಿಗೂ ಸಮ ಕೂಲಿ ಎಂಬುದು ಕೂರುವುದಿಲ್ಲ. ದಿನಗೂಲಿಯ ಕೆಲಸ ಆರಿಸಿ, ತೋಟಕ್ಕೆ ಮಣ್ಣು ಹೊರುವುದಾದರೂ ಸರಿ.

ಒಂದು ಪ್ರಯೋಗವನ್ನು ಪೂರ್ತಿ ಕೈಬಿಟ್ಟೆ. ಪಾಪವನ್ನು ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಹೋಲಿಸಿ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನೇ ಪ್ರಸಂಗ ಮಾಡಿದ್ದೆ: ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್, ರೋಗ ಬರುವ ಮೊದಲೇ ಹೊಡೆಯಬೇಕು. ಕೇಳಲು ಚೆನ್ನಾಗಿತ್ತು. ಆದರೆ ಆ ವರ್ಷ ಕಾಯಿ ಉದುರಿದ ಮನೆಯವರು ‘ಹಾಗಾದರೆ ನಮ್ಮ ಪಾಪಕ್ಕೇ ಕೊಳೆ ಬಂತಾ’ ಎಂದು ತಿಳಿದರು. ಯೋಹಾನ 9ರಲ್ಲಿ ಹುಟ್ಟುಕುರುಡನ ವಿಷಯದಲ್ಲಿ ಯೇಸು ಅಲ್ಲಗಳೆದದ್ದೇ ಆ ಲೆಕ್ಕಾಚಾರವನ್ನು. ನಷ್ಟದಲ್ಲಿರುವವರ ಬೆಳೆಯನ್ನು ಉದಾಹರಣೆಗೆ ಎಳೆಯುವುದೇ ತಪ್ಪು.

ದುಡ್ಡಿನ ವಿಷಯ. ಪ್ರೊಜೆಕ್ಟರು, ಪರದೆಗೆ ಸುಮಾರು 28 ಸಾವಿರ ಸುರಿದೆವು. ಮಳೆಗಾಲದಲ್ಲಿ ಕರೆಂಟಿಲ್ಲ, ಎರಡನೇ ವರ್ಷಕ್ಕೆ ಲೆನ್ಸಿಗೆ ಬೂಷ್ಟು. ಶೀಟಿನ ಮಾಡಿನ ಮೇಲಿನ ಮಳೆ ಸದ್ದು ಮೀರಲೆಂದು ಆರೇಳು ಸಾವಿರದ ಸ್ಪೀಕರ್ ತಂದರೆ ಎರಡೂ ಸೇರಿ ಇನ್ನಷ್ಟು ಗದ್ದಲ. ಈಗಿನ ಖರ್ಚು ಸೊನ್ನೆ. ಬೆಂಚುಗಳನ್ನು ಅರ್ಧ ಸುತ್ತು ಹಾಕಿ ಮೂರು ಸಾಲಿಗೆ ನಿಲ್ಲಿಸಿ, ಹದಿನೆಂಟು ನಿಮಿಷ, ಕೈಯಲ್ಲಿ ಚೀಟಿ ಇಲ್ಲ. ಮಳೆ ಜೋರಾದರೆ ಮಾತು ನಿಲ್ಲಿಸಿ ಹಾಡು. ಮೊದಲ ಎರಡು ನಿಮಿಷ ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬಂದು ಕೂತು ನೋಡಿ.

ಮೊದಲ ಸಲವೇ ಗೆದ್ದದ್ದು ಹುಳಿಹಿಟ್ಟಿನ ಸಾಮ್ಯ, ಮತ್ತಾಯ 13:33. ಶನಿವಾರ ಸಂಜೆ ರುಬ್ಬಿದ ದೋಸೆ ಹಿಟ್ಟಿಗೆ ಹಳೇ ಹುಳಿಹಿಟ್ಟು ಒಂದು ಸೌಟು ಕಲಸಿ ಇನ್ನೊಂದು ಪಾತ್ರೆಯನ್ನು ಹಾಗೇ ಬಿಡಿ, ಬೆಳಿಗ್ಗೆ ಎರಡನ್ನೂ ತೋರಿಸಿ. ಮಳೆಗಾಲದಲ್ಲಿ ಎರಡೂ ಪಾತ್ರೆ ರಾತ್ರಿ ಒಲೆಯ ಪಕ್ಕದಲ್ಲೇ ಇರಲಿ. ಇಲ್ಲದಿದ್ದರೆ ಯಾವುದೂ ಉಬ್ಬುವುದಿಲ್ಲ.